ಮೂವತ್ತಮೂರು ಪುಟದ ಕಾಗದ

ಬಿಕ್ಕೋಡಿನ ನಮ್ಮ ಮನೆಯ ಪಕ್ಕದಲ್ಲಿ ಹಳೆಯ ಕಾಫಿ ಗೋಡೌನು ಒಂದಿದೆ. ಅದರ ಒಂದು ಭಾಗಕ್ಕೆ ಸುಣ್ಣ ಹೊಡೆಸಿ, ಕಿಟಕಿ ದೊಡ್ಡದು ಮಾಡಿಸಿ, ನೆಲಕ್ಕೆ ಚಾಪೆ ಹಾಸಿ ಮಕ್ಕಳಿಗಾಗಿ ಇಟ್ಟುಕೊಂಡಿದ್ದೇನೆ. ವಾರಕ್ಕೆ ಐದು ದಿನ ಅಲ್ಲಿಗೆ ಮಕ್ಕಳು ಬರುತ್ತಾರೆ. ಬೇಲೂರಿನಿಂದ ಬಸ್ಸಿನಲ್ಲಿ ಬರುವವರಿದ್ದಾರೆ, ಅರೇಹಳ್ಳಿ ಕಡೆಯಿಂದ ಬೈಕಿನಲ್ಲಿ ಬರುವವರಿದ್ದಾರೆ, ತೋಟದ ಲೈನು ಮನೆಗಳಿಂದ ನಡೆದೇ ಬರುವವರೂ ಇದ್ದಾರೆ. ದಾರಿಯಲ್ಲಿ ಆನೆ ನಿಂತಿದೆ ಎಂದು ಸುದ್ದಿಯಾದ ದಿನ ಮಾತ್ರ ಯಾರೂ ಬರುವುದಿಲ್ಲ. ಆ ದಿನ ನಾನು ಚಾಪೆ ಬಿಸಿಲಿಗೆ ಹಾಕುತ್ತೇನೆ.

ಹೊಸದಾಗಿ ಬಂದ ತಾಯಿ ಚಾಪೆಯ ಮೇಲೆ ಕೂತು ಮೊದಲು ಮಗುವಿನ ವಿಷಯ ಹೇಳುವುದೇ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ಕೇಳುತ್ತಾಳೆ: "ನಾನೇನು ತಪ್ಪು ಮಾಡಿದೆ ಮೇಡಂ?" ಓದಿದವಳಿರಲಿ, ಓದದವಳಿರಲಿ, ತೋಟದ ಮಾಲೀಕರ ಸೊಸೆಯಿರಲಿ, ಕೂಲಿಗೆ ಹೋಗುವವಳಿರಲಿ, ಮಾತು ಇದೇ. ಅಪ್ಪಂದಿರು ಈ ಪ್ರಶ್ನೆ ಕೇಳಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಇದೇ ಪ್ರಶ್ನೆಯನ್ನು ೨೦೦೧ರಲ್ಲಿ ನಾನೂ ಕೇಳಿದ್ದೆ. ಆಗ ಅದು ನನ್ನೊಬ್ಬಳದೇ ಪ್ರಶ್ನೆ ಎಂದುಕೊಂಡಿದ್ದೆ. ಅದಕ್ಕೂ ಒಂದು ಇತಿಹಾಸವಿದೆ, ನನ್ನಂಥ ಸಾವಿರಾರು ಹೆಂಗಸರು ದೂರದ ದೇಶಗಳಲ್ಲಿ ಅದನ್ನು ಕೇಳಿ, ಅತ್ತು, ಕೊನೆಗೆ ಎದ್ದು ನಿಂತು ಉತ್ತರವನ್ನೂ ಹುಡುಕಿದರು ಎಂದು ತಿಳಿದದ್ದು ಬಹಳ ತಡವಾಗಿ. ಆ ಕಥೆಯನ್ನು ನನ್ನ ಕಥೆಯ ಜೊತೆಗೆ ಸೇರಿಸಿ ಹೇಳುತ್ತೇನೆ. ಬೇರೆ ಬೇರೆಯಾಗಿ ಹೇಳಲು ನನಗೆ ಬರುವುದಿಲ್ಲ.

ನಾನು ಬೇಲೂರಿನಲ್ಲಿ ಪಿಯುಸಿ ಮುಗಿಸಿ, ಬಿಕ್ಕೋಡಿನ ಸಣ್ಣ ಹಿಡುವಳಿದಾರರ ಮನೆಗೆ ಸೊಸೆಯಾಗಿ ಬಂದವಳು. ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಊಟಕ್ಕಾಗುವಷ್ಟು ಗದ್ದೆ. ೧೯೯೮ರಲ್ಲಿ ಮಗ ಹುಟ್ಟಿದ. ಒಂದೂವರೆ ವರ್ಷದವರೆಗೆ 'ಅಮ್ಮ', 'ತಾತ' ಎನ್ನುತ್ತಿದ್ದ. ಎರಡು ತುಂಬುವ ಹೊತ್ತಿಗೆ ಆ ಎರಡು ಮಾತೂ ನಿಂತುಹೋದವು. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಆದರೆ ಒಳಗಿನ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಹಿತ್ತಲಿನಿಂದ ಓಡಿಬರುತ್ತಿದ್ದ. ಡಬ್ಬಿಯ ಮುಚ್ಚಳ ಕೈಗೆ ಸಿಕ್ಕರೆ ನೆಲದ ಮೇಲೆ ಗಿರಿಗಿರಿ ತಿರುಗಿಸಿ, ಅದು ನಿಲ್ಲುವ ತನಕ ಕೆನ್ನೆಯನ್ನು ನೆಲಕ್ಕೆ ಒತ್ತಿ ನೋಡುವುದು. ನಿಂತರೆ ಮತ್ತೆ ತಿರುಗಿಸುವುದು. ಕೊಯ್ಲಿನ ದಿನಗಳಲ್ಲಿ ಪಲ್ಪರ್ ಯಂತ್ರದ ಚಕ್ರದ ಮುಂದೆ ನಿಂತರೆ ಊಟಕ್ಕೂ ಎಳೆದುಕೊಂಡೇ ಬರಬೇಕು. ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ದೇವರ ಕಡೆ ನೋಡದೆ, ನವರಂಗದ ಕಡೆದ ಕಂಬಗಳ ಬಳೆಬಳೆಯಂಥ ಸುತ್ತುಗಳ ಮೇಲೆ ಬೆರಳಾಡಿಸುತ್ತ ಸುತ್ತುತ್ತಿದ್ದ. "ಕಂಬಕ್ಕೆ ಪ್ರದಕ್ಷಿಣೆ ಹಾಕ್ತಾನೆ ನೋಡಿ, ಹೋದ ಜನ್ಮದಲ್ಲಿ ಶಿಲ್ಪಿಯಾಗಿದ್ದನೇನೋ" ಎಂದು ನಮ್ಮ ಅತ್ತೆ ಹೆಮ್ಮೆಪಟ್ಟಿದ್ದರು.

ಅತ್ತೆ ಕೆಟ್ಟವರಲ್ಲ. "ಗಂಡು ಹುಡುಗ್ರಿಗೆ ಮಾತು ನಿಧಾನ ಕಣವ್ವ, ನಿನ್ ಗಂಡನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಎಂದು ಸಮಾಧಾನ ಹೇಳಿದರು. ದೃಷ್ಟಿ ತೆಗೆದರು, ಹರಕೆ ಹೊತ್ತರು. ಮೂರು ತುಂಬಿದ ಮೇಲೆ ಮಾತಿನ ದಿಕ್ಕು ಬದಲಾಯಿತು. ಬಸುರಿಯಾಗಿದ್ದಾಗ ಗ್ರಹಣದ ದಿನ ನಾನು ಹೊರಗೆ ಬಂದಿದ್ದೆನಂತೆ. ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ಕಣಕ್ಕೆ ಹೋಗುತ್ತಿದ್ದೆನಂತೆ. ನಮ್ಮ ಕಡೆಯ ಪಟ್ಟಣವೊಂದರಲ್ಲಿ ತೋರಿಸಿದ ವೈದ್ಯರೊಬ್ಬರು ಚೀಟಿಯಲ್ಲಿ ಟಾನಿಕ್ ಬರೆದು, "ತಾಯಿ ಮಗು ಜೊತೆ ಸರಿಯಾಗಿ ಮಾತಾಡಿಲ್ಲ, ಅದಕ್ಕೇ ಹೀಗೆ" ಎಂದರು. ಅಂದು ವಾಪಸು ಬರುವಾಗ ಬಸ್ಸಿನಲ್ಲಿ ನಾನೂ ನನ್ನ ಗಂಡನೂ ಒಂದೇ ಸೀಟಿನಲ್ಲಿ ಕೂತು ಒಂದು ಮಾತೂ ಆಡಲಿಲ್ಲ.

೨೦೦೧ರ ಮಳೆಗಾಲದಲ್ಲಿ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರನ್ನು ನೀವೂ ಕೇಳಿರುತ್ತೀರಿ. ಮಾತು ಬಾರದ, ಕಿವಿ ಕೇಳದ ಮಕ್ಕಳನ್ನು ಕರೆದುಕೊಂಡು ದೇಶದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ೧೯೬೫ರಲ್ಲಿ ಶುರುವಾದ ಸಂಸ್ಥೆ. ಮೊದಲು ಕಿವಿಯ ಪರೀಕ್ಷೆ ಮಾಡಿದರು. ಕಿವಿ ಸರಿಯಾಗಿತ್ತು. ಆಮೇಲೆ ಎರಡು ದಿನ ಆಟವಾಡಿಸಿ, ನೋಡಿ, ನಮ್ಮನ್ನು ನೂರೆಂಟು ಪ್ರಶ್ನೆ ಕೇಳಿ, "ಆಟಿಸಂ" ಎಂದರು. ಈಗ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಆಗ ನಾನು ಎರಡು ಶಬ್ದವನ್ನೂ ಕೇಳಿರಲಿಲ್ಲ. ನನ್ನ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಎದುರಿಗೆ ಕೂತಿದ್ದ ವಯಸ್ಸಾದ ಹೆಣ್ಣುಮಗಳು ಬರೆಯುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು ಹೇಳಿದರು: "ನೀವು ಏನೂ ಮಾಡಿಲ್ಲ ತಾಯಿ. ಇದು ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಆದರೆ ಇನ್ನು ಮುಂದೆ ನೀವು ಮಾಡಬೇಕಾದ್ದು ಬಹಳ ಇದೆ."

ಆ ಎರಡು ವಾಕ್ಯಗಳನ್ನು ಹೇಳುವ ಮಟ್ಟಕ್ಕೆ ಬರಲು ವೈದ್ಯಶಾಸ್ತ್ರಕ್ಕೆ ಎಷ್ಟು ವರ್ಷ ಹಿಡಿದಿತ್ತು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

'ಆಟಿಸಂ' ಎಂಬ ಶಬ್ದವನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜನ್ ಬ್ಲಾಯ್ಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟುಹಾಕಿದರು. ಆದರೆ ಅವರು ಹೇಳಿದ್ದು ದೊಡ್ಡವರ ಮಾನಸಿಕ ಕಾಯಿಲೆಯ ಒಂದು ಲಕ್ಷಣದ ವಿಷಯ. ಮಕ್ಕಳಲ್ಲಿ ಇದನ್ನು ಬೇರೆಯದೇ ಸ್ಥಿತಿಯೆಂದು ಗುರುತಿಸಿ ಬರೆದವರಲ್ಲಿ ಹೆಸರಾದವರು ಅಮೆರಿಕದ ಬಾಲ್ಟಿಮೋರಿನ ಲಿಯೊ ಕ್ಯಾನರ್. ೧೯೪೩ರಲ್ಲಿ ಅವರು ಹನ್ನೊಂದು ಮಕ್ಕಳ ವಿಷಯ ಬರೆದರು. ಅವರಲ್ಲಿ ಎಂಟು ಗಂಡು, ಮೂರು ಹೆಣ್ಣು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳ ಬಗ್ಗೆ ಬರೆದರು. ಇವರಿಬ್ಬರಿಗೂ ಮೊದಲು, ೧೯೨೫ರಲ್ಲೇ, ಮಾಸ್ಕೋದ ಗ್ರುನ್ಯಾ ಸುಖರೇವಾ ಎಂಬ ಹೆಣ್ಣುಮಗಳು ಆರು ಹುಡುಗರ ವಿಷಯವನ್ನು ಸೊಗಸಾಗಿ ಬರೆದಿಟ್ಟಿದ್ದಳು. ಅದು ಬಹಳ ಕಾಲ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ.

ಕ್ಯಾನರ್ ಬರೆದದ್ದರಲ್ಲಿ ಮೊದಲ ಮಗು ಡೊನಾಲ್ಡ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರ ಮಗ. ಮೂರು ವರ್ಷದವನಿದ್ದಾಗ ವೈದ್ಯರ ಮಾತು ಕೇಳಿ ತಂದೆತಾಯಿ ಅವನನ್ನು ದೂರದ ಒಂದು ಆಶ್ರಯ ಸಂಸ್ಥೆಯಲ್ಲಿ ಬಿಟ್ಟಿದ್ದರು. ಸುಮಾರು ಒಂದು ವರ್ಷದ ನಂತರ ಮನಸ್ಸು ತಡೆಯದೆ, ಅಲ್ಲಿಯವರು ಬೇಡವೆಂದರೂ, ಮನೆಗೆ ಕರೆತಂದರು. ೧೯೩೮ರಲ್ಲಿ ಕ್ಯಾನರ್ ಬಳಿಗೆ ಹೋಗುವ ಮುನ್ನ ತಂದೆ ಮಗನ ವಿಷಯವನ್ನೆಲ್ಲ ಬರೆಸಿ ಕಳಿಸಿದರು. ಮೂವತ್ತಮೂರು ಪುಟದ ಕಾಗದ! ಏನು ತಿನ್ನುತ್ತಾನೆ, ಏನನ್ನು ಕಂಡರೆ ಹೆದರುತ್ತಾನೆ, ಯಾವ ಶಬ್ದವನ್ನು ಯಾವ ಅರ್ಥದಲ್ಲಿ ಬಳಸುತ್ತಾನೆ, ಎಲ್ಲವೂ. ಪಾತ್ರೆ, ಮರದ ತುಂಡು, ದುಂಡಗಿರುವ ಏನು ಸಿಕ್ಕರೂ ತಿರುಗಿಸುತ್ತಾನೆ ಎಂಬುದೂ. ಇದನ್ನು ನಾನು ಮೊದಲ ಸಲ ಓದಿದಾಗ ನಮ್ಮ ಅಡುಗೆಮನೆಯ ಡಬ್ಬಿಯ ಮುಚ್ಚಳದ ಸದ್ದು ಕಿವಿಯಲ್ಲಿ ಕೇಳಿಸಿತು. ಆಟಿಸಂನ ಇತಿಹಾಸ ಒಬ್ಬ ದೊಡ್ಡ ವೈದ್ಯರ ಲೇಖನದಿಂದ ಶುರುವಾಯಿತು ಎಂದು ಪುಸ್ತಕಗಳು ಹೇಳುತ್ತವೆ. ನಾನು ಮಾತ್ರ ಅದು ತಂದೆತಾಯಿ ಬರೆದ ಕಾಗದದಿಂದ ಶುರುವಾಯಿತು ಎನ್ನುತ್ತೇನೆ.

ಇಷ್ಟು ನೋಡಿ ಬರೆದುಕೊಟ್ಟ ತಂದೆತಾಯಿಗಳಿಗೆ ಸಿಕ್ಕ ಪ್ರತಿಫಲ ಏನು? ಕ್ಯಾನರ್ ೧೯೪೩ರಲ್ಲಿ ಇದು ಹುಟ್ಟಿನಿಂದ ಬಂದದ್ದು ಎಂದಿದ್ದರು. ಅದೇ ಬರಹದಲ್ಲಿ ಈ ತಂದೆತಾಯಿಗಳಲ್ಲಿ ಬೆಚ್ಚನೆಯ ಸ್ವಭಾವದವರು ಕಡಿಮೆ ಎಂದೂ ಸೇರಿಸಿದ್ದರು. ೧೯೪೯ರ ಹೊತ್ತಿಗೆ ಎರಡನೆಯ ಮಾತೇ ದೊಡ್ಡದಾಯಿತು. ಈ ಮಕ್ಕಳು ಕರಗದ ಹಿಮಪೆಟ್ಟಿಗೆಯಲ್ಲಿ ಬೆಳೆದವರು ಎಂಬರ್ಥದ ಮಾತು ಬಂತು. ಅದೇ ಮುಂದೆ 'ಫ್ರಿಜ್ ತಾಯಿ' ಎಂಬ ಬೈಗುಳವಾಯಿತು. ಷಿಕಾಗೋದಲ್ಲಿ ಮಕ್ಕಳ ಶಾಲೆ ನಡೆಸುತ್ತಿದ್ದ ಬ್ರೂನೊ ಬೆಟಲ್‌ಹೈಮ್ ೧೯೬೭ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದು, ತಾಯಿಯ ಪ್ರೀತಿ ಸಿಗದೆ ಮಗು ತನ್ನೊಳಗೆ ಕೋಟೆ ಕಟ್ಟಿಕೊಳ್ಳುತ್ತದೆ, ಅದನ್ನು ಮನೆಯಿಂದ ದೂರ ಇಡುವುದೇ ಮದ್ದು ಎಂದು ಸಾರಿದರು. ಆ ಪುಸ್ತಕ ಬಹಳ ಜನಪ್ರಿಯವಾಯಿತು. ಇದನ್ನೆಲ್ಲ ಓದುವಾಗ ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು. ಬಿಕ್ಕೋಡಿನಲ್ಲಿ ಗ್ರಹಣದ ನೆರಳು ಎಂದವರಿಗೂ, ಅಲ್ಲಿ ಹಿಮಪೆಟ್ಟಿಗೆ ಎಂದವರಿಗೂ ಏನು ವ್ಯತ್ಯಾಸ? ನಮ್ಮ ಅತ್ತೆ ಕಡೇಪಕ್ಷ ಮಗುವನ್ನು ಮಡಿಲಿನಿಂದ ಕಿತ್ತುಕೊಳ್ಳಿ ಎನ್ನಲಿಲ್ಲ.

ಈ ಅಪವಾದವನ್ನು ಇಳಿಸಿದವರಲ್ಲಿ ಮುಂದೆ ನಿಂತವರು ತಂದೆತಾಯಿಗಳೇ. ಅವರು ಬರೀ ಅತ್ತು, ಸಿಟ್ಟಾಗಿ ಇದನ್ನು ಮಾಡಲಿಲ್ಲ. ಕೂತು ಓದಿ ಮಾಡಿದರು. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲೆಂಡ್‌ಗೆ ೧೯೫೬ರಲ್ಲಿ ಮಗ ಹುಟ್ಟಿದ. ಮಗುವಿಗೆ ಇರುವುದೇನೆಂದು ತಿಳಿಯದೆ ಒದ್ದಾಡುತ್ತಿದ್ದಾಗ ಹಳೆಯ ಕಾಲೇಜು ಪುಸ್ತಕವೊಂದರಲ್ಲಿ ಉತ್ತರ ಸಿಕ್ಕಿತು. ಅಲ್ಲಿಂದ ಸಿಕ್ಕಿದ್ದನ್ನೆಲ್ಲ ಓದಿ, ೧೯೬೪ರಲ್ಲಿ, ತಾಯಿಯೇ ಕಾರಣ ಎನ್ನಲು ಯಾವ ಆಧಾರವೂ ಇಲ್ಲ, ಇದು ಮೆದುಳಿಗೆ ಸಂಬಂಧಿಸಿದ್ದು ಎಂದು ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರ್! ಮರುವರ್ಷ ತಂದೆತಾಯಿಗಳ ಸಂಘ ಹುಟ್ಟಿತು. ೧೯೬೯ರಲ್ಲಿ ಆ ಸಂಘದ ಸಭೆಗೆ ಬಂದ ಕ್ಯಾನರ್, ತಂದೆತಾಯಿಗಳನ್ನು ದೋಷಮುಕ್ತರೆಂದು ಸಾರ್ವಜನಿಕವಾಗಿಯೇ ಹೇಳಿದರು. ೧೯೭೭ರಲ್ಲಿ ಸೂಸನ್ ಫೋಲ್ಸ್ಟೈನ್ ಮತ್ತು ಮೈಕೆಲ್ ರಟರ್ ಇಪ್ಪತ್ತೊಂದು ಅವಳಿ ಜೋಡಿಗಳನ್ನು ಪರೀಕ್ಷಿಸಿ, ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂದು ತೋರಿಸಿದ ಮೇಲೆ ಹಳೆಯ ವಾದಕ್ಕೆ ನೆಲೆ ಉಳಿಯಲಿಲ್ಲ.

ಲಂಡನ್ನಿನ ಲೋರ್ನಾ ವಿಂಗ್ ಮೊದಲೇ ವೈದ್ಯೆ. ಮಗಳು ಸೂಸಿಗೆ ಆಟಿಸಂ ಇದೆ ಎಂದು ತಿಳಿದ ಮೇಲೆ ಜೀವಮಾನವನ್ನೆಲ್ಲ ಅದರ ಅಧ್ಯಯನಕ್ಕೇ ಕೊಟ್ಟರು. ೧೯೬೨ರಲ್ಲಿ ಇತರ ತಂದೆತಾಯಿಗಳೊಡನೆ ಸೇರಿ ಬ್ರಿಟನ್ನಿನ ಸಂಘವನ್ನು ಕಟ್ಟಿದರು. ೧೯೭೯ರಲ್ಲಿ ಜುಡಿತ್ ಗೌಲ್ಡ್ ಜೊತೆ ಮಾಡಿದ ಅಧ್ಯಯನದಿಂದ, ಇದು ಒಂದೇ ಅಚ್ಚಿನ ಕಾಯಿಲೆಯಲ್ಲ, ಮಳೆಬಿಲ್ಲಿನಂತೆ ಬಣ್ಣಬಣ್ಣವಾಗಿ ಕಾಣಿಸುವ ಸ್ಥಿತಿ ಎಂಬ ತಿಳಿವಳಿಕೆಗೆ ದಾರಿಯಾಯಿತು.

ನನಗೆ ಎಲ್ಲರಿಗಿಂತ ಹತ್ತಿರದವರೆನಿಸುವುದು ರೂತ್ ಸಲಿವನ್. ಏಳು ಮಕ್ಕಳ ತಾಯಿ, ವೃತ್ತಿಯಿಂದ ನರ್ಸು. ಮಗ ಜೋಸೆಫ್‌ಗೆ ಆಟಿಸಂ. ೧೯೬೫ರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಅಂಗವಿಕಲ ಮಕ್ಕಳಿಗೂ ಶಾಲೆಯ ಹಕ್ಕು ಕೊಟ್ಟ ಅಮೆರಿಕದ ೧೯೭೫ರ ಕಾಯ್ದೆಗಾಗಿ ಓಡಾಡಿದರು. ೧೯೭೯ರಲ್ಲಿ ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ನಿನಲ್ಲಿ ಸೇವಾ ಕೇಂದ್ರ ತೆರೆದರು. ಇಷ್ಟೆಲ್ಲ ಆದ ಮೇಲೂ, ಅರವತ್ತರ ಹೊಸ್ತಿಲಲ್ಲಿ ವಿಶ್ವವಿದ್ಯಾನಿಲಯದಲ್ಲಿ ಓದಿ ಪಿಎಚ್.ಡಿ. ಪಡೆದರು. ಅಷ್ಟು ಅನುಭವ ಇದ್ದವರಿಗೆ ಮತ್ತೆ ಪುಸ್ತಕ ಹಿಡಿಯುವ ಅಗತ್ಯವೇನಿತ್ತು ಎಂದು ಯಾರಾದರೂ ಕೇಳಬಹುದು. ನಾನು ಕೇಳುವುದಿಲ್ಲ. ಕಾರಣ ಹೇಳುತ್ತೇನೆ.

ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಮಗನೊಡನೆ ಒಂದು ವರ್ಷ ಇದ್ದೆ. ಗಂಡ ತಿಂಗಳಿಗೊಮ್ಮೆ ಅಕ್ಕಿ, ಕಾಫಿಪುಡಿ ತಂದುಕೊಟ್ಟು ಹೋಗುತ್ತಿದ್ದರು. ಥೆರಪಿ ಎಂದರೆ ಏನೋ ಯಂತ್ರ, ಮಾತ್ರೆ ಎಂದುಕೊಂಡಿದ್ದೆ. ಅಲ್ಲಿ ಕಲಿಸಿದ್ದು ಬೇರೆ. ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು. ಅದು ಆಡುವ ಆಟಕ್ಕೆ ನಾವೇ ಸೇರಿಕೊಳ್ಳಬೇಕು. ಒಂದು ಶಬ್ದ ಹೇಳಿ ಮನಸ್ಸಿನಲ್ಲೇ ಹತ್ತರ ತನಕ ಎಣಿಸುತ್ತ ಕಾಯಬೇಕು. ಕೈ ತೊಳೆಯುವುದನ್ನು ಎಂಟು ಸಣ್ಣ ಕೆಲಸಗಳಾಗಿ ಒಡೆದು ಒಂದೊಂದನ್ನೇ ಕಲಿಸಬೇಕು. ಮಾತು ಬಾರದಿದ್ದರೆ ಚಿತ್ರ ತೋರಿಸಿ ಕೇಳುವುದನ್ನು ಕಲಿಸಬೇಕು. ತಂದೆತಾಯಿಗಳನ್ನು ಹೊರಗೆ ಕೂರಿಸದೆ ಅವರಿಗೇ ಕಲಿಸಿ, ಮನೆಯಲ್ಲಿ ಅವರಿಂದಲೇ ಮಾಡಿಸುವ ಪದ್ಧತಿಯನ್ನು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಷಾಪ್ಲರ್ ೧೯೭೦ರ ಆಸುಪಾಸಿನಲ್ಲಿ ಬೆಳೆಸಿದ್ದರು. ತಾಯಿ ರೋಗದ ಕಾರಣ ಎಂಬಲ್ಲಿಂದ ತಾಯಿ ಚಿಕಿತ್ಸಕಿಯ ಜೊತೆಗಾತಿ ಎಂಬಲ್ಲಿಗೆ ಬಂದದ್ದು ಸಣ್ಣ ದೂರವಲ್ಲ. ಒಂದು ವರ್ಷ ಮುಗಿಯುವ ಹೊತ್ತಿಗೆ ಮಗ ನೀರಿನ ಚಿತ್ರ ತಂದು ನನ್ನ ಕೈಗಿಟ್ಟ. ಆಮೇಲೆ ಒಂದು ದಿನ "ನೀ" ಎಂದ.

ಊರಿಗೆ ಬಂದೆ. ಸುದ್ದಿ ಹಬ್ಬಿತು. "ಅವರ ಮಗ ಈಗ ಕೇಳ್ತಾನಂತೆ, ಅವಳಿಗೆ ವಿದ್ಯೆ ಗೊತ್ತಂತೆ" ಎಂದು ಹೆಂಗಸರು ಮಕ್ಕಳನ್ನು ಕರೆತರತೊಡಗಿದರು. ನನಗೂ ಹೆಮ್ಮೆ. ೨೦೦೩ರಲ್ಲಿ ತೋಟದ ಲೈನು ಮನೆಯಿಂದ ಒಬ್ಬಳು ಎರಡೂವರೆ ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದಳು. ಹೆಸರು ಕೂಗಿದರೆ ನೋಡುವುದಿಲ್ಲ, ಮಾತಿಲ್ಲ, ಒಂಟಿಯಾಗಿ ಆಡುತ್ತದೆ. ನಾನು ಐದು ನಿಮಿಷ ನೋಡಿ ಹೇಳಿಬಿಟ್ಟೆ: "ನನ್ನ ಮಗನ ಹಾಗೇ. ಇದು ಆಟಿಸಂ." ಎಂಟು ತಿಂಗಳು ಆ ಮಗುವಿಗೆ ಚಿತ್ರ ತೋರಿಸಿದೆ, ಮಾತಾಡಿಸಿದೆ, ಕಾದೆ. ಕೂಲಿ ಬಿಟ್ಟು ಆ ತಾಯಿ ವಾರಕ್ಕೆ ಎರಡು ದಿನ ಬಂದಳು. ಕೊನೆಗೆ, ಏನೂ ಬದಲಾವಣೆ ಕಾಣದೆ, ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಕಿವಿಯ ಪರೀಕ್ಷೆ ಮಾಡಿದರು. ಮಗುವಿಗೆ ಎರಡು ಕಿವಿಯೂ ಕೇಳುತ್ತಿರಲಿಲ್ಲ.

ಕಿವುಡು ಮಗುವಿಗೆ ಮೊದಲ ವರ್ಷಗಳಲ್ಲಿ ಎಷ್ಟು ಬೇಗ ಶ್ರವಣ ಸಾಧನ ಕೊಟ್ಟರೆ ಅಷ್ಟು ಒಳ್ಳೆಯದು. ಆ ವಯಸ್ಸಿನಲ್ಲಿ ಎಂಟು ತಿಂಗಳೆಂದರೆ ಎಷ್ಟು ದೊಡ್ಡದು ಎಂದು ಅಲ್ಲಿಯವರು ನನಗೆ ಬೈಯದೆ, ಮೆಲ್ಲಗೆ ವಿವರಿಸಿದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ನನ್ನ ಮಗನಿಗೆ ಮಾಡಿದ ಮೊಟ್ಟಮೊದಲ ಪರೀಕ್ಷೆಯೇ ಕಿವಿಯದು. ಅದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ. ವಾಪಸು ಬರುವಾಗ ಆ ತಾಯಿ ಬಸ್ಸಿನಲ್ಲಿ, "ನಂದೇ ತಪ್ಪೇನೋ ಅಕ್ಕ, ಮೊದ್ಲೇ ಇಲ್ಲಿಗೆ ಬರ್ಬೇಕಿತ್ತು" ಎಂದಳು. ತಪ್ಪು ನನ್ನದಾಗಿತ್ತು. ಅದನ್ನೂ ಅವಳೇ ಹೊತ್ತುಕೊಂಡಳು. ಹೊಳೆನರಸೀಪುರ ದಾಟುವ ತನಕ ನನಗೆ ಮಾತು ಹೊರಡಲಿಲ್ಲ. ಆಮೇಲೆ ಅವಳ ಕೈ ಹಿಡಿದು, ಇದು ನನ್ನ ತಪ್ಪು ಎಂದು ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ.

ಆ ದಿನ ತೀರ್ಮಾನಿಸಿದೆ. ನನ್ನ ಮಗನ ತಾಯಿಯಾಗಿ ನಾನು ಕಲಿತದ್ದು ನನ್ನ ಮಗನನ್ನು ಮಾತ್ರ. ಬೇರೆಯವರ ಮಗುವನ್ನು ಮುಟ್ಟಬೇಕಾದರೆ ಓದಬೇಕು. ನಮ್ಮ ದೇಶದ ಕಾಯ್ದೆ ಹೇಳುವುದೂ ಅದನ್ನೇ. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರೂ ವಾಕ್ ಚಿಕಿತ್ಸಕರೂ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಬೆಂಗಳೂರಿಗೆ ಹೋಗಿ, ವಿಶೇಷ ಶಿಕ್ಷಣದ ಡಿಪ್ಲೊಮಾಕ್ಕೆ ಸೇರಿದೆ. ತರಗತಿಯಲ್ಲಿ ನನ್ನಷ್ಟು ವಯಸ್ಸಾದವರು ಇನ್ನಿಬ್ಬರು, ಅವರೂ ತಾಯಂದಿರೇ. ಮಗನನ್ನು ಅತ್ತೆ ನೋಡಿಕೊಂಡರು. ಗ್ರಹಣದ ಮಾತಾಡಿದ್ದ ಅದೇ ಅತ್ತೆ, ಗೋಡೆಗೆ ಅಂಟಿಸಿದ ಚಿತ್ರದ ಪಟ್ಟಿಯನ್ನು ತೋರಿಸಿ, "ಮೊದ್ಲು ಸ್ನಾನ, ಆಮೇಲೆ ಕಡುಬು" ಎಂದು ಮೊಮ್ಮಗನಿಗೆ ಹೇಳುವುದನ್ನು ಕಲಿತರು. ಕ್ಯಾನರ್ ಬರಹದ ಜೆರಾಕ್ಸ್ ಪ್ರತಿಯನ್ನು ನಾನು ಓದಿದ್ದು ಆಗಲೇ, ಮೇಡಂ ಒಬ್ಬರು ಕೊಟ್ಟಿದ್ದರು.

ನಮ್ಮ ದೇಶದಲ್ಲಿ ಈ ದಾರಿ ಮಾಡಿದವರೂ ತಾಯಂದಿರೇ ಎಂದು ಅಲ್ಲಿ ತಿಳಿಯಿತು. ದೆಹಲಿಯ ಮೆರಿ ಬರುವಾ, ಮಗನಿಗೆ ಆಟಿಸಂ ಇದ್ದವರು, ೧೯೯೧ರಲ್ಲಿ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆ ಕಟ್ಟಿದರು. ೧೯೯೪ರಲ್ಲಿ 'ಓಪನ್ ಡೋರ್' ಎಂಬ ಶಾಲೆ ತೆರೆದರು. ಶಿಕ್ಷಕರಿಗೂ ತಂದೆತಾಯಿಗಳಿಗೂ ತರಬೇತಿ ಕೊಟ್ಟರು. ೧೯೯೫ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳ ಪಟ್ಟಿ ಇತ್ತು. ಆಟಿಸಂ ಅದರಲ್ಲಿ ಇರಲಿಲ್ಲ. ತಂದೆತಾಯಿಗಳ ಒತ್ತಾಯದ ಫಲವಾಗಿ ೧೯೯೯ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದು ಸೇರಿತು. ೨೦೧೬ರ ಕಾಯ್ದೆಯ ಇಪ್ಪತ್ತೊಂದು ವೈಕಲ್ಯಗಳ ಪಟ್ಟಿಯಲ್ಲೂ ಬಂತು. ಬೆಂಗಳೂರಿನಲ್ಲಿ ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ್ 'ಕಾಮ್ ಡೀಲ್' ಎಂಬ ಕಾರ್ಯಕ್ರಮ ಕಟ್ಟಿ, ಚಿಕ್ಕ ಮಕ್ಕಳಿಗೆ ಆರಂಭದಲ್ಲೇ ತರಬೇತಿ ಕೊಡುವುದಕ್ಕೆ ಒಂದು ಕ್ರಮ ತಂದರು.

ನಮ್ಮ ಕರ್ನಾಟಕದಲ್ಲೇ ಬೆಳೆದ ಇನ್ನೊಂದು ಕಥೆ ಲೋಕಕ್ಕೆಲ್ಲ ಗೊತ್ತು. ಸೋಮಾ ಮುಖೋಪಾಧ್ಯಾಯ ಎಂಬ ತಾಯಿ, ಮಾತು ಬಾರದ ಮಗ ಟಿಟೊನನ್ನು ಕಟ್ಟಿಕೊಂಡು ಮೈಸೂರು, ಬೆಂಗಳೂರುಗಳಲ್ಲಿ ಇದ್ದವರು. ಬಿಡದೆ ಕೂರಿಸಿ ಅಕ್ಷರ ತೋರಿಸಲು, ಬರೆಯಲು ಕಲಿಸಿದರು. ಆ ಹುಡುಗ ಬರೆದ ಪುಸ್ತಕ ೨೦೦೦ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ೨೦೦೧ರಲ್ಲಿ ತಾಯಿಮಗ ಅಮೆರಿಕಕ್ಕೆ ಹೋದರು. ಸೋಮಾ ತಮ್ಮ ವಿಧಾನಕ್ಕೆ ಹೆಸರಿಟ್ಟು ಬೇರೆ ಮಕ್ಕಳಿಗೂ ಕಲಿಸತೊಡಗಿದರು. ಆ ತಾಯಿಯ ಛಲಕ್ಕೆ ಕೈ ಮುಗಿಯಬೇಕು. ಆದರೆ ಬೇರೆ ಮಕ್ಕಳ ವಿಷಯದಲ್ಲಿ, ಹಲಗೆ ಹಿಡಿದು ಸೂಚನೆ ಕೊಡುವ ದೊಡ್ಡವರ ಮಾತು ಎಷ್ಟು, ಮಗುವಿನ ಮಾತು ಎಷ್ಟು ಎಂಬ ಸಂಶಯ ಎದ್ದಿತು. ಆಧಾರ ಸಾಲದೆಂದು ೨೦೧೮ರಲ್ಲಿ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಈ ವಿಧಾನ ಬೇಡವೆಂದಿತು. ತನ್ನ ಮಗನಲ್ಲಿ ಕಂಡದ್ದು ಊರಿನ ಮಕ್ಕಳಿಗೆಲ್ಲ ಒಪ್ಪುತ್ತದೆಯೇ ಎಂಬ ಪ್ರಶ್ನೆ ಅದು. ಎರಡು ಕಿವಿ ಕೇಳದ ಆ ಪುಟ್ಟ ಹುಡುಗಿ ನನಗೆ ಕೇಳಿದ್ದೂ ಇದನ್ನೇ.

ಅಷ್ಟೇ ಏಕೆ, ತಾಯಂದಿರ ಮೇಲಿನ ಅಪವಾದವನ್ನು ಆಧಾರ ಕೊಟ್ಟು ಇಳಿಸಿದ ರಿಮ್ಲೆಂಡ್ ಕೂಡ ಮುಂದೆ ಲಸಿಕೆಯ ಮೇಲೆ ಸಂಶಯಪಟ್ಟರು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹಬ್ಬಲು ಕಾರಣವಾದದ್ದು ೧೯೯೮ರಲ್ಲಿ ಇಂಗ್ಲೆಂಡಿನಲ್ಲಿ ಬಂದ, ಬರೀ ಹನ್ನೆರಡು ಮಕ್ಕಳ ಬಗೆಗಿನ ಒಂದು ಲೇಖನ. ಅದನ್ನು ಪ್ರಕಟಿಸಿದ ಪತ್ರಿಕೆಯೇ ೨೦೧೦ರಲ್ಲಿ ಹಿಂದಕ್ಕೆ ಪಡೆಯಿತು. ಲಕ್ಷಾಂತರ ಮಕ್ಕಳ ಅಧ್ಯಯನಗಳಲ್ಲಿ ಅಂಥ ಸಂಬಂಧವೇ ಕಂಡಿಲ್ಲ. ಆದರೂ ಇಂದಿಗೂ ನನ್ನ ಚಾಪೆಯ ಮೇಲೆ ಕೂತು ತಾಯಂದಿರು ಕೇಳುತ್ತಾರೆ, "ಆ ಸೂಜಿ ಹಾಕಿಸ್ಬಾರ್ದಿತ್ತಾ ಮೇಡಂ?" ಪ್ರೀತಿಗೆ ಒಂದು ಕಾರಣ ಬೇಕೇಬೇಕು. ಸಿಗದಿದ್ದರೆ ಯಾವುದನ್ನಾದರೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಪ್ರೀತಿಯ ಪಕ್ಕದಲ್ಲಿ ಪರೀಕ್ಷೆಯೂ ಇರಬೇಕು ಎನ್ನುವುದು.

ಓದು ಮುಗಿಸಿ ಬಂದು ೨೦೦೭ರಲ್ಲಿ ಈ ಗೋಡೌನಿನ ಕೋಣೆ ಶುರು ಮಾಡಿದೆ. ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿದ್ದೇನೆ. ಅದರ ಮೊದಲ ಸಾಲು: "ಕಿವಿ ಪರೀಕ್ಷೆ ಆಗಿದೆಯೇ?" ಅದು ಆಗದೆ ಯಾವ ಮಗುವನ್ನೂ ತೆಗೆದುಕೊಳ್ಳುವುದಿಲ್ಲ. ಇದು ಆಟಿಸಂ ಎಂದು ನಾನು ಹೇಳುವುದೂ ಇಲ್ಲ. ಅದನ್ನು ಹೇಳಬೇಕಾದವರು ಬೇರೆ, ನನ್ನ ಕೆಲಸ ಆಮೇಲಿನದು. ಲೈನು ಮನೆಯ ಆ ಹುಡುಗಿ ಶ್ರವಣ ಸಾಧನ ಹಾಕಿಕೊಂಡು ಶಾಲೆಗೆ ಹೋದಳು. ಮಾತು ಪೂರ್ತಿ ಸ್ಪಷ್ಟವಿಲ್ಲ. ಆ ಎಂಟು ತಿಂಗಳು ಇದ್ದಿದ್ದರೆ ಎಂದು ಅವಳ ದನಿ ಕೇಳಿದಾಗಲೆಲ್ಲ ನೆನೆಯುತ್ತೇನೆ.

ಕ್ಯಾನರ್ ಬರೆದ ಡೊನಾಲ್ಡನ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಅವನು ೧೯೪೨ರಿಂದ ಸುಮಾರು ಮೂರು ವರ್ಷ ಒಂದು ರೈತ ದಂಪತಿಯ ಮನೆಯಲ್ಲಿ ಇದ್ದ ಕಾಲ. ಆ ದಂಪತಿ ಥೆರಪಿ ಎಂಬ ಶಬ್ದ ಕೇಳಿದವರಲ್ಲ. ಹುಡುಗನಿಗೆ ಅಳೆಯುವ ಹುಚ್ಚು. ಬಾವಿ ತೋಡಿಸಿ ಆಳ ಅಳೆಯಲು ಹೇಳಿದರು. ಜೋಳದ ಸಾಲುಗಳನ್ನು ಎಣಿಸುತ್ತ ನಿಲ್ಲುತ್ತಿದ್ದ. ಉಳುತ್ತಲೇ ಎಣಿಸು ಎಂದು ನೇಗಿಲು ಕೈಗೆ ಕೊಟ್ಟರು. ಡೊನಾಲ್ಡ್ ಮುಂದೆ ಕಾಲೇಜು ಓದಿ, ಬ್ಯಾಂಕಿನಲ್ಲಿ ಕೆಲಸ ಮಾಡಿ, ದೇಶ ಸುತ್ತಿ, ತನ್ನ ಊರಿನವರ ನಡುವೆಯೇ ಬಾಳಿ, ೨೦೨೩ರಲ್ಲಿ ಎ೦ಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.

ನನ್ನ ಮಗ ಕಾಲೇಜು ಓದಲಿಲ್ಲ. ಹತ್ತಿಪ್ಪತ್ತು ಮಾತುಗಳಿವೆ, ಬೇಕಾದಾಗ ಆಡುತ್ತಾನೆ. ಕೊಯ್ಲಿನ ಕಾಲದಲ್ಲಿ ಕಣ ಅವನದು. ಹಸಿರು ಕಾಯಿಯನ್ನು ಕೆಂಪು ಹಣ್ಣಿನಿಂದ ಬೇರೆ ಮಾಡಲು ಕೂತರೆ ನಮ್ಮ ಆಳುಗಳಿಗಿಂತ ಅವನ ಕೆಲಸ ಚೊಕ್ಕ. ಒಣಗಲು ಹರಡಿದ ಕಾಫಿಯನ್ನು ದಿನಕ್ಕೆ ನಾಲ್ಕಾರು ಸಲ ಕೆದಕಿ ತಿರುವಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅವನು ಈ ತುದಿಯಿಂದ ಆ ತುದಿಗೆ ಸಾಲು ಎಳೆಯುತ್ತ ಹೋಗುತ್ತಾನೆ, ಒಂದು ಸಾಲು ಡೊಂಕಾದರೂ ಹಿಂದೆ ಬಂದು ಸರಿಮಾಡುತ್ತಾನೆ. ಇದನ್ನು ಗುಣವಾಯಿತು ಎನ್ನುವುದಿಲ್ಲ. ನಮ್ಮ ನಂತರ ಇವನನ್ನು ನೋಡುವವರು ಯಾರು ಎಂಬ ಯೋಚನೆ ರಾತ್ರಿ ಈಗಲೂ ಬರುತ್ತದೆ. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಯಿಂದ ಕಾನೂನು ಪಾಲಕರನ್ನು ನೇಮಿಸಿಕೊಳ್ಳಬಹುದು, 'ನಿರಾಮಯ' ಎಂಬ ಆರೋಗ್ಯ ವಿಮೆಯೂ ಇದೆ. ಇಂಥ ಮಕ್ಕಳಿರುವ ಮನೆಯವರು ಇವನ್ನು ವಿಚಾರಿಸಿ ಮಾಡಿಸಿಟ್ಟುಕೊಳ್ಳಿ. ಅದು ಎಲ್ಲಕ್ಕೂ ಉತ್ತರವಲ್ಲ. ಅಷ್ಟಾದರೂ ಇರಲಿ.

ಕಳೆದ ಸೋಮವಾರ ಬೇಲೂರಿನಿಂದ ಒಬ್ಬಳು ಬಂದಿದ್ದಳು. ಚಿಕ್ಕ ವಯಸ್ಸು, ಮಡಿಲಲ್ಲಿ ಮೂರು ವರ್ಷದ ಗಂಡುಮಗು. ಸೆರಗಿನ ತುದಿ, ಸ್ವಲ್ಪ ಹೊತ್ತು ಮೌನ, ಆಮೇಲೆ ಅದೇ ಪ್ರಶ್ನೆ. ಮೈಸೂರಿನಲ್ಲಿ ನನಗೆ ಸಿಕ್ಕಿದ್ದ ಎರಡು ವಾಕ್ಯಗಳನ್ನು ನಾನೂ ಹೇಳಿದೆ. ಆಮೇಲೆ, ಹೊಸದಾಗಿ ಬಂದವರಿಗೆಲ್ಲ ಕೊಡುವ ಇನ್ನೂರು ಪುಟದ ಗೆರೆ ನೋಟ್‌ಬುಕ್ ಒಂದನ್ನು ಕೈಗಿಟ್ಟೆ. ದಿನವೂ ಮಗು ಏನು ಮಾಡಿತು, ಏನು ಕಂಡು ನಕ್ಕಿತು, ಯಾವುದಕ್ಕೆ ಕಿವಿ ಮುಚ್ಚಿಕೊಂಡಿತು, ಎಲ್ಲ ಬರೆಯಿರಿ ಎಂದೆ.

"ನನಗೆ ಅಷ್ಟೆಲ್ಲ ಬರೆಯೋಕೆ ಬರಲ್ಲ ಮೇಡಂ. ಎಷ್ಟು ಬರೀಬೇಕು?"

"ಮೂವತ್ತಮೂರು ಪುಟ ಆದರೆ ಸಾಕು" ಎಂದೆ. ಯಾಕೆ ಅಷ್ಟೇ ಎಂದು ಅವಳು ಕೇಳಲಿಲ್ಲ. ಮಗು ಅಷ್ಟರಲ್ಲಿ ನನ್ನ ಡಬ್ಬಿಯ ಮುಚ್ಚಳ ಹುಡುಕಿಕೊಂಡಿತ್ತು. ನಾನೂ ಅವಳೂ ಚಾಪೆಯ ಮೇಲೆ ಬಗ್ಗಿ, ಅದು ತಿರುಗಿ ನಿಲ್ಲುವ ತನಕ ಮಗುವಿನ ಜೊತೆ ನೋಡಿದೆವು.